ಮೂರೇ ಮಂದಿ ಜೋಯಿಸರೇನ್ರೀ?

ಕ್ರಿಸ್ಮಸ್ ನಾಟಕಕ್ಕೆಂದು ಬಂಗಾರದ ಬಣ್ಣದ ಕಾಗದದಲ್ಲಿ ಕಿರೀಟ ಕತ್ತರಿಸುತ್ತ ಕೂತಿದ್ದೆ. ಧಾರವಾಡದ ನಮ್ಮ ಸಂಡೇ ಸ್ಕೂಲಿನಲ್ಲಿ ಪ್ರತಿ ಡಿಸೆಂಬರಿಗೂ ಮೂರೇ ಕಿರೀಟ, ಮೂವರು ಎತ್ತರದ ಹುಡುಗರಿಗೆ. ಪಾತ್ರ ಸಿಗದ ಹುಡುಗಿಯೊಬ್ಬಳು ಬೈಬಲ್ ತೆರೆದುಕೊಂಡೇ ಬಂದಳು.

“ಅಕ್ಕೋರ, ಮೂರ ಮಂದಿ ಅಂತ ಇದರಾಗ ಎಲ್ಲಿ ಬರದಾರ್ರೀ?”

“ಅಲ್ಲೇ ಐತಿ, ನೋಡವಾ” ಅಂದೆ. ನಾನೂ ನೋಡಿದೆ. ಇರಲಿಲ್ಲ.

ಮತ್ತಾಯನ ಎರಡನೆಯ ಅಧ್ಯಾಯದಲ್ಲಿ ಮೂಡಣದಿಂದ ಜೋಯಿಸರು ಬರುತ್ತಾರೆ. ಎಷ್ಟು ಮಂದಿ ಎಂಬ ಲೆಕ್ಕವಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂದು ಕಾಣಿಕೆ ಮೂರು; ಅದನ್ನೆಣಿಸಿ ತಂದವರನ್ನೂ ಮೂವರು ಮಾಡಿದ್ದಾರೆ. ರೋಮಿನ ನೆಲದಡಿಯ ಹಳೆಯ ಸಮಾಧಿಗಳ ಚಿತ್ರಗಳಲ್ಲಿ ಒಂದೆಡೆ ಇಬ್ಬರಿದ್ದರೆ ಇನ್ನೊಂದೆಡೆ ನಾಲ್ವರು. ಸಿರಿಯಾ ಕಡೆಯ ಪರಂಪರೆ ಹನ್ನೆರಡು ಎನ್ನುತ್ತದೆ. ಮತ್ತಾಯನಲ್ಲಿ ಒಂಟೆಯ ಸುದ್ದಿಯೂ ಇಲ್ಲ. ಅವರು ಹೊಕ್ಕದ್ದು ಮನೆಯನ್ನು. ಗೋದಲಿ ಬರುವುದು ಲೂಕನ ಕಥೆಯಲ್ಲಿ.

ಕಿರೀಟವಂತೂ ಇಲ್ಲವೇ ಇಲ್ಲ. ಗ್ರೀಕಿನ ‘ಮಾಗೊಯ್’ ಎಂದರೆ ಪರ್ಷಿಯಾ ಕಡೆಯ, ನಕ್ಷತ್ರ ನೋಡಿ ಹೇಳುವ ಪಂಡಿತರು. ಅವರನ್ನು ಅರಸರಾಗಿಸಿದ್ದು ಆಮೇಲಿನವರು. ನಮ್ಮ ಕನ್ನಡ ಬೈಬಲ್ ಮಾತ್ರ ಜ್ಯೋತಿಷದ ತದ್ಭವ ಹಿಡಿದು ‘ಜೋಯಿಸ’ ಎಂದಿತು. ಬಾಸೆಲ್ ಮಿಷನ್ 1837ರಲ್ಲೇ ಕಾಲಿಟ್ಟ ಊರು ನಮ್ಮ ಧಾರವಾಡ; 1862ರಲ್ಲಿ ಅದೇ ಮಿಷನ್ನಿನ ಕಿಟೆಲ್ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿಗೆ ಕೂರಿಸಿದರು. ಮಾತು ಹೀಗೆ ನಮ್ಮದಾಗಿದ್ದರೂ ನಾವು ಕಣ್ಣಿಗೆ ಕಟ್ಟಿಕೊಂಡಿದ್ದು ಯುರೋಪಿನ ಕಾರ್ಡುಗಳ ಕಿರೀಟವನ್ನು. ಜೋಯಿಸರ ಬಗಲಲ್ಲೊಂದು ಪಂಚಾಂಗವಿದ್ದರೆ ಹೆಚ್ಚು ಒಪ್ಪುತ್ತಿತ್ತೇನೋ!

ಆ ಹುಡುಗಿಯ ಪ್ರಶ್ನೆಯಿಂದ ನನ್ನದೊಂದು ಹಳೆಯ ಗಾಯ ನೆನಪಾಯಿತು. ಚಿಕ್ಕವಳಿದ್ದಾಗ “ಯಾಕ್ರೀ?” ಎಂದು ಕೇಳಿದ್ದಕ್ಕೆ ಹಿರಿಯರೊಬ್ಬರು ನನಗೆ “ತೋಮ” ಎಂದು ಹೆಸರಿಟ್ಟಿದ್ದರು. ಸಂಶಯಪಿಶಾಚಿ ಎಂಬರ್ಥದಲ್ಲಿ. ಹುಡುಗಿ ಕೇಳಿದ ದಿನವೇ ರಾತ್ರಿ ಯೋಹಾನನ ಸುವಾರ್ತೆ ತೆಗೆದೆ. ಸತ್ತು ಎದ್ದುಬಂದ ಯೇಸು ಉಳಿದ ಶಿಷ್ಯರಿಗೆ ಮೊದಲೇ ಗಾಯಗೊಂಡ ಕೈಯನ್ನೂ ಪಕ್ಕೆಯನ್ನೂ ತೋರಿಸಿದ್ದ. ಅವರು ಹಿಗ್ಗಿದ್ದು ಕಂಡ ಮೇಲೆ. ಆ ಹೊತ್ತಿಗೆ ಅಲ್ಲಿರದ ತೋಮ ಹೆಚ್ಚಿಗೆ ಕೇಳಿದ್ದೆಂದರೆ ಮುಟ್ಟಿ ನೋಡುವುದೊಂದೇ. ಅದಕ್ಕೂ ಮುಂಚೆ, ಯೇಸುವಿನೊಂದಿಗೆ ಅವನ ತೀರಿಹೋದ ಗೆಳೆಯ ಲಾಜರನ ಊರಿಗೆ ಹೋದರೆ ಕಲ್ಲೇಟು ಬೀಳಬಹುದೆಂದು ಮಿಕ್ಕವರು ಅಂಜಿದಾಗ, ನಾವೂ ಹೋಗಿ ಇವನ ಸಂಗಡ ಸಾಯೋಣ ಎಂದವನೂ ಅವನೇ. ಆ ಧೈರ್ಯಕ್ಕೆ ಯಾರೂ ಅವನ ಹೆಸರಿಡಲಿಲ್ಲ. ಐವತ್ತು ದಾಟಿದ ಮೇಲೆ ನನ್ನ ಅಡ್ಡಹೆಸರಿನ ಮೇಲೆ ನನಗೇ ಪ್ರೀತಿ ಬಂತು.

ಮುಂದಿನ ಭಾನುವಾರ ಕಿರೀಟಗಳನ್ನು ಮಡಚಿಟ್ಟೆ. ಪಾತ್ರ ಸಿಗದವರೆಲ್ಲ ಜೋಯಿಸರಾದರು, ಒಟ್ಟು ಏಳು ಮಂದಿ. ಕಾಣಿಕೆ ಮಾತ್ರ ಮೂರು. ಉಳಿದ ನಾಲ್ವರ ಕೈಗೆ ಏನು ಕೊಡುವುದೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ ನನ್ನ ಪುಟ್ಟ ತೋಮ ನನ್ನನ್ನೇ ದಿಟ್ಟಿಸಿದಳು:

“ಅಷ್ಟ ದೂರದಿಂದ ಬರೋರು ಬುತ್ತಿ ಕಟ್ಟಿಕೊಂಡ ಬಂದಿರಂಗಿಲ್ಲೇನ್ರೀ ಅಕ್ಕೋರ?”

ಬೈಬಲ್ಲಿನಲ್ಲಿ ಅದೂ ಇಲ್ಲ. ಆದರೂ ಆ ಸಲ ನಾಲ್ಕು ಬುತ್ತಿಗಂಟು ಬೆತ್ಲೆಹೇಮಿಗೆ ಹೋದವು.