ಕುರ್ಚಿ ಮತ್ತು ಚಾಪೆ

ನಲವತ್ತೊಂಬತ್ತನೆಯ ವಯಸ್ಸಿಗೆ ನಾನು ನಮಾಝಿಗೆ ಕುರ್ಚಿ ಹಾಕಿಕೊಂಡೆ. ಇಪ್ಪತ್ತೈದು ವರ್ಷ ಕರಿಹಲಗೆಯ ಮುಂದೆ ನಿಂತ ಸೊಂಟ, ಅದರಲ್ಲಿ ಹನ್ನೊಂದು ವರ್ಷ ರುದ್ರಪಟ್ಟಣದ ಶಾಲೆಗೆ ಬಸ್ಸಿನಲ್ಲಿ ಕುಲುಕಾಡಿದ ಸೊಂಟ. ಸಜ್ದಾಕ್ಕೆ ಬಾಗಿದರೆ ಏಳಲು ಗೋಡೆ ಹಿಡಿಯಬೇಕಿತ್ತು. ಕೂತು ನಮಾಝ್ ಮಾಡಲು ರೋಗಿಗೆ ಧರ್ಮದಲ್ಲೇ ರಿಯಾಯಿತಿ ಉಂಟು. ಆದರೂ ಹಣೆ ನೆಲಕ್ಕೆ ತಾಗದ ಆ ಮೊದಲ ದಿನ ನಾನು ಅತ್ತೆ.

ಹಾಸನದ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, "ಆಪರೇಶನ್ ಏನೂ ಬೇಡ, ಒಳ್ಳೆಯವರ ಹತ್ರ ನಿಧಾನಕ್ಕೆ ಯೋಗ ಕಲೀರಿ" ಎಂದರು. ಚೀಟಿಯಲ್ಲಿ ಬರೆದ ಮಾತ್ರೆ ನುಂಗಿದೆ. ಯೋಗವನ್ನು ಮಾತ್ರ ಮೂರು ವರ್ಷ ಮುಂದಕ್ಕೆ ಹಾಕಿದೆ. ಆ ಮೂರು ವರ್ಷ ನಾನು ಯಾಕೆ ಹೋಗಲಿಲ್ಲ ಎಂಬುದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲ ಕಾರಣ ಟಿ.ವಿ. ಅದರಲ್ಲಿ ಬರುವವರು ಕಾಲನ್ನು ಕುತ್ತಿಗೆಯ ಹಿಂದೆ ಸಿಕ್ಕಿಸಿಕೊಂಡು ನಗುತ್ತಿರುತ್ತಾರೆ. ನನಗೋ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲೂ ಮಗಳು ಬೇಕಿತ್ತು. ನಮ್ಮ ಶಾಲೆಯಲ್ಲೇ ಪಾಠ ಮಾಡುತ್ತಿದ್ದ ರುದ್ರಪಟ್ಟಣದ ಸಂಕೇತಿ ಮನೆತನದ ಸಹೋದ್ಯೋಗಿಯೊಬ್ಬರು ಬೆಳಗ್ಗೆ ಮನೆಯಲ್ಲಿ ನಾಲ್ಕಾರು ಹೆಂಗಸರಿಗೆ ಯೋಗ ಹೇಳಿಕೊಡುತ್ತಿದ್ದರು. ನನ್ನ ಮೈ ಬಾಗುವುದಿಲ್ಲ ಎಂದಾಗ ಅವರು ಜೋರಾಗಿ ನಕ್ಕರು. "ಮೇಡಂ, ಇದು ಸಂಗೀತದ ಊರು. ಪಾಠಕ್ಕೆ ಬಂದ ಮಗೂಗೆ ಮೊದಲ ದಿನವೇ ಕಛೇರಿ ಮಾಡು ಅಂತಾರಾ? ಸರಳೆ ವರಸೆಯಿಂದ ತಾನೆ ಶುರು?"

ರುದ್ರಪಟ್ಟಣದಲ್ಲಿ ಈ ಮಾತಿಗೆ ಬೇರೆಯೇ ತೂಕ. ಆರ್.ಕೆ. ಶ್ರೀಕಂಠನ್ ಹುಟ್ಟಿದ, ರುದ್ರಪಟ್ಟಣಂ ಸಹೋದರರೆಂದು ಹೆಸರಾದ ತ್ಯಾಗರಾಜನ್, ತಾರಾನಾಥನ್ ಅವರ ಊರು, ಆರ್.ಕೆ. ಪದ್ಮನಾಭ ಅವರು ಕಾವೇರಿಯ ದಡದ ಈ ಊರಲ್ಲಿ ತಂಬೂರಿಯ ಆಕಾರದ ಮಂದಿರವನ್ನೇ ಕಟ್ಟಿಸಿದ್ದಾರೆ. 1920ರಲ್ಲಿ ಹುಟ್ಟಿದ ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದವರು. ಉಸಿರನ್ನು ಪಳಗಿಸುವುದು ವಯಸ್ಸಾದವರ ಕೆಲಸವಲ್ಲ ಎಂದು ಈ ಊರಲ್ಲಿ ನಿಂತು ಹೇಳುವುದು ಕಷ್ಟ.

ಮೈ ಬಾಗದವರ ಕಥೆಗಳು ನನಗೆ ಆಮೇಲೆ ಗೊತ್ತಾದವು. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ 1918ರಲ್ಲಿ, ಇನ್‌ಫ್ಲುಯೆಂಝಾ ಹಬ್ಬಿದ ಕಾಲದಲ್ಲಿ ಹುಟ್ಟಿದವರು. ಮಲೇರಿಯಾ, ಕ್ಷಯ, ಟೈಫಾಯಿಡ್ ಎಲ್ಲವೂ ಆಗಿ ಸೊರಗಿದ್ದ ಹುಡುಗ ಮೈಸೂರಿಗೆ ಬಂದು ಭಾವ ತಿರುಮಲೆ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತದ್ದು. ಬಹುಶಃ ಅದಕ್ಕೇ ಇರಬೇಕು, ರೋಗಿಗಳೂ ಮುದುಕರೂ ಮಾಡಲಾಗುವಂತೆ ಕುರ್ಚಿ, ಹಗ್ಗ, ಪಟ್ಟಿ, ಮರದ ದಿಮ್ಮಿಗಳನ್ನು ಆಸನಕ್ಕೆ ಬಳಸಿದರು. ಕುರ್ಚಿ ಎಂದಾಗ ನನ್ನ ಕಿವಿ ನೆಟ್ಟಗಾಯಿತು. ನನ್ನ ಬಳಿ ಅದೊಂದಿತ್ತಲ್ಲ!

ಎರಡನೆಯ ಕಾರಣ ಮನೆಯೊಳಗಿನದು. ಯಜಮಾನರ ಅಕ್ಕ ಕಟ್ಟುನಿಟ್ಟಿನವರು. "ಅಲ್ಲಿ ಓಂ ಅನ್ನಿಸ್ತಾರೆ, ಸೂರ್ಯನಿಗೆ ಕೈ ಮುಗಿಸ್ತಾರೆ. ಸೊಂಟಕ್ಕೋಸ್ಕರ ಈಮಾನ್ ಕಳ್ಕೋತೀಯಾ?" ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದರು. ಆಪಾನ ಮಾತನ್ನು ನಗೆಯಲ್ಲಿ ತೇಲಿಸಿಬಿಡುವುದು ಸರಿಯಲ್ಲ. ಬೇಕಿದ್ದವರು ಮಾಡುವ ವ್ಯಾಯಾಮ ಬೇರೆ, ಮಾಡದಿದ್ದರೆ ದೇಶಪ್ರೇಮವಿಲ್ಲ ಎನ್ನಿಸಿಕೊಳ್ಳುವುದು ಬೇರೆ. 2015ರ ಮೊದಲ ಅಂತಾರಾಷ್ಟ್ರೀಯ ಯೋಗ ದಿನದ ಹೊತ್ತಿಗೆ ಇದೇ ಗದ್ದಲವಾಗಿ, ಕೊನೆಗೆ ಸರಕಾರವೇ ಕಾರ್ಯಕ್ರಮದಿಂದ ಸೂರ್ಯನಮಸ್ಕಾರವನ್ನು ಕೈಬಿಟ್ಟಿತು. ಅದಿಲ್ಲದೆಯೂ ಯೋಗ ನಡೆಯಿತು ಎಂಬುದು ಗಮನಿಸಬೇಕಾದ ಸಂಗತಿ. ಹಳೆಯ ಹಠಯೋಗ ಗ್ರಂಥಗಳ ಆಸನಗಳ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ. ಅದನ್ನು ವ್ಯಾಯಾಮವಾಗಿ ಹಬ್ಬಿಸಿದವರಲ್ಲಿ ಮುಖ್ಯರು ಇಪ್ಪತ್ತನೆಯ ಶತಮಾನದ ಔಂಧ್ ಸಂಸ್ಥಾನದ ರಾಜರು.

ನಾನು ಸಹೋದ್ಯೋಗಿಗೆ ನೇರವಾಗಿ ಕೇಳಿದೆ, "ನಾನು ಓಂ ಹೇಳಲ್ಲ, ಪರವಾಗಿಲ್ವಾ?" ಅವರು, "ಉಸಿರು ಬಿಡೋವಾಗ ನೀವು ಸುಮ್ಮನಿದ್ರೂ ಉಸಿರು ಹೊರಗೇ ಹೋಗುತ್ತೆ ಮೇಡಂ" ಎಂದರು. ಅಲ್ಲಿಗೆ ಮುಗಿಯಿತು.

ಆಪಾನಿಗೆ ಹೇಳಲು ಒಂದಿಷ್ಟು ಓದಿದೆ. ಹನ್ನೊಂದನೆಯ ಶತಮಾನದಲ್ಲೇ ಅಲ್‌ಬಿರೂನಿ ಪತಂಜಲಿಯನ್ನು ಅರಬಿಗೆ ತಂದಿದ್ದ. ಹದಿನಾರನೆಯ ಶತಮಾನದಲ್ಲಿ ಗ್ವಾಲಿಯರಿನ ಸೂಫಿ ಮುಹಮ್ಮದ್ ಗೌಸ್ 'ಬಹ್ರುಲ್ ಹಯಾತ್' ಎಂಬ ಪಾರ್ಸಿ ಗ್ರಂಥದಲ್ಲಿ ಯೋಗಿಗಳ ಆಸನ, ಉಸಿರಾಟಗಳನ್ನು ವಿವರಿಸಿದರು. ಮುಂದೆ ಜಹಾಂಗೀರನಾದ ಸಲೀಮನಿಗಾಗಿ ಸಿದ್ಧಪಡಿಸಿದ ಅದರ ಚಿತ್ರಸಹಿತ ಪ್ರತಿ ಇಂದು ಡಬ್ಲಿನ್ನಿನ ಗ್ರಂಥಾಲಯದಲ್ಲಿದೆ. 2008ರಲ್ಲಿ ಮಲೇಷ್ಯಾದ ಫತ್ವಾ ಮಂಡಳಿ ಯೋಗ ಸಲ್ಲದೆಂದಿತು. ಕೆಲವೇ ದಿನಗಳಲ್ಲಿ ಅಲ್ಲಿನ ಪ್ರಧಾನಿ, ಮಂತ್ರಪಠಣವಿಲ್ಲದ ವ್ಯಾಯಾಮಕ್ಕೆ ಅಡ್ಡಿಯಿಲ್ಲವೆಂದರು. ಸೌದಿ ಅರೇಬಿಯ 2017ರಲ್ಲಿ ಯೋಗವನ್ನು ಕ್ರೀಡೆಯಾಗಿ ಒಪ್ಪಿತು. ಎಲ್ಲ ಕೇಳಿ ಆಪಾ, "ಸೌದಿಯವರು ಮಾಡಿದ್ದೆಲ್ಲಾ ಸರಿಯಾ?" ಎಂದರು. ಅದೂ ನ್ಯಾಯವಾದ ಪ್ರಶ್ನೆಯೇ!

'ನಮಾಝೂ ಒಂದು ಯೋಗವೇ ಅಲ್ಲವೆ' ಎಂದು ಪ್ರೀತಿಯಿಂದ ಹೇಳುವವರೂ ಇದ್ದಾರೆ. ನಾನದನ್ನು ಒಪ್ಪುವುದಿಲ್ಲ. ರುಕೂ, ಸಜ್ದಾಗಳಿಂದ ಕೀಲುಗಳಿಗೆ ಒಳ್ಳೆಯದಾಗಬಹುದು, ಆದರೆ ಕೀಲಿಗಾಗಿ ಮಾಡಿದರೆ ಅದು ನಮಾಝ್ ಅಲ್ಲ. ಎರಡನ್ನೂ ಬೇರೆ ಬೇರೆ ಇಟ್ಟಿದ್ದರಿಂದಲೇ ನನಗೆ ಎರಡನ್ನೂ ನೆಮ್ಮದಿಯಿಂದ ಮಾಡಲಾಗುತ್ತಿದೆ.

ಮೂರನೆಯದು ಸಂಕೋಚ. ಬಿಗಿಯಾದ ಬಟ್ಟೆ ಬೇಕೇನೋ, ಗಂಡಸರು ಇರುತ್ತಾರೇನೋ, ಕೈ ಹಿಡಿದು ತಿದ್ದುತ್ತಾರೇನೋ. ಬಟ್ಟೆಯ ಭಯ ಸುಳ್ಳು. ಸಡಿಲ ಚೂಡಿದಾರ, ತಲೆಯ ಮೇಲೆ ದುಪಟ್ಟಾ, ಅಷ್ಟೇ. ಕೈಯ ಭಯವನ್ನು ಮಾತ್ರ ತಪ್ಪು ಕಲ್ಪನೆ ಎನ್ನಲಾರೆ. ಹಾಸನದ ಪಕ್ಕದ ಕೌಶಿಕದಲ್ಲಿ ಹುಟ್ಟಿ, 1927ರಲ್ಲಿ ಹಾಸನದಲ್ಲೇ ಕೃಷ್ಣಮಾಚಾರ್ಯರ ಪ್ರದರ್ಶನ ಕಂಡು ಶಿಷ್ಯರಾಗಿ, ಮೈಸೂರಿನಿಂದ ಲೋಕಪ್ರಸಿದ್ಧರಾದ ಪಟ್ಟಾಭಿ ಜೋಯಿಸರು 2009ರಲ್ಲಿ ತೀರಿಕೊಂಡರು. ಆಸನ ತಿದ್ದುವ ನೆಪದಲ್ಲಿ ಅವರು ಅನುಚಿತವಾಗಿ ಮುಟ್ಟಿದರೆಂದು ಹಲವು ವಿದೇಶಿ ಶಿಷ್ಯೆಯರು ನಂತರ ಬಹಿರಂಗವಾಗಿ ಹೇಳಿದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸರೇ ಅದಕ್ಕೆ ನೋವು ವ್ಯಕ್ತಪಡಿಸಿದರು. ನಮ್ಮ ಜಿಲ್ಲೆಯ ಹೆಮ್ಮೆಯ ಜೊತೆಗೆ ಇದನ್ನೂ ನೆನಪಿಡಬೇಕು. ಮುಟ್ಟಬೇಡಿ ಎಂದು ಹೇಳುವ ಹಕ್ಕು ಕಲಿಯುವವಳಿಗೆ ಇದ್ದೇ ಇದೆ.

ಇವೆಲ್ಲಕ್ಕೂ ತದ್ವಿರುದ್ಧವಾದ ಭ್ರಮೆ ಇನ್ನೊಂದು: ಯೋಗದಿಂದ ಎಲ್ಲವೂ ವಾಸಿ. ನಮ್ಮ ಬೀದಿಯ ಹೆಂಗಸೊಬ್ಬರು ಪ್ರಾಣಾಯಾಮ ಶುರುಮಾಡಿ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದರು. ತಿಂಗಳಾಗುವಷ್ಟರಲ್ಲಿ ಆಸ್ಪತ್ರೆ ಸೇರಿದರು. ಬಹುಕಾಲದ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದವುಗಳಲ್ಲಿ ಯೋಗವನ್ನೂ ಅಮೆರಿಕದ ವೈದ್ಯರ ಸಂಘವೊಂದು 2017ರಲ್ಲಿ ಸೇರಿಸಿದ್ದು ನಿಜ. ಆದರೆ ರಕ್ತದೊತ್ತಡವೋ ಗ್ಲಾಕೋಮವೋ ಇದ್ದವರು ತಲೆಕೆಳಗಾಗಿ ನಿಲ್ಲಬಾರದು. ನನ್ನ ಸಹೋದ್ಯೋಗಿ ಮೊದಲ ದಿನ ಕೇಳಿದ್ದೇ ಎಕ್ಸ್‌ರೇಯನ್ನು. ಬಾಗುವ ಆಸನಗಳನ್ನು ಆರು ತಿಂಗಳು ಮುಟ್ಟಿಸಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು, ಮಲಗಿ ಮಂಡಿ ಮಡಚುವುದು, ಕುರ್ಚಿ ಹಿಡಿದು ಸೊಂಟ ಚಾಚುವುದು, ಇಷ್ಟೇ. ಬೇಸರವಾಗಿ ಎರಡು ಸಲ ಬಿಟ್ಟೂ ಇದ್ದೆ.

ಈಗ ಐದು ವರ್ಷವಾಯಿತು. ಫಜ್ರ್ ನಮಾಝನ್ನು ನೆಲದ ಮೇಲೆ ಮಾಡುತ್ತೇನೆ, ಏಳಲು ಗೋಡೆ ಬೇಡ. ಇಶಾದ ಹೊತ್ತಿಗೆ ಸೊಂಟ ಬಿಗಿಯುತ್ತದೆ, ಆಗ ಕುರ್ಚಿಯೇ. ಚಳಿಗಾಲದಲ್ಲಿ ಕೆಲವು ದಿನ ಎರಡಕ್ಕೂ ಕುರ್ಚಿ. ಆಪಾ ಇವತ್ತಿಗೂ ಒಪ್ಪಿಲ್ಲ. ಹೋದ ರಂಝಾನಿನಲ್ಲಿ ಮಾತ್ರ ಅಡುಗೆಮನೆಯಲ್ಲಿ ಮಂಡಿ ಹಿಡಿದುಕೊಂಡು ಕೂತು, ಬಾಗಿಲ ಕಡೆ ಒಮ್ಮೆ ನೋಡಿ, "ಆ ಗೋಡೆಗೆ ಒರಗಿ ಮಾಡ್ತೀಯಲ್ಲ, ಅದೊಂದು ತೋರಿಸು" ಎಂದರು.