ಸೋಮವಾರ ರಜೆ

ಏಪ್ರಿಲ್ ಬಂತು ಅಂದ್ರೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಆಸ್ತಿ ತೆರಿಗೆಯದ್ದೇ ಮಾತು. ತಿಂಗಳೊಳಗೆ ಪೂರ್ತಿ ಕಟ್ಟಿದರೆ 5% ರಿಯಾಯಿತಿ. ನಾನೂ ಪ್ರತಿ ವರ್ಷ ಕೊನೆಯ ವಾರದಲ್ಲಿ ಎದ್ದುಬಿದ್ದು ಕಟ್ಟಿ, ರಸೀದಿಯನ್ನು ಲ್ಯಾಪ್‌ಟಾಪಿನ ಯಾವುದೋ ಫೋಲ್ಡರಿಗೆ ತಳ್ಳಿ ಮರೆತುಬಿಡುವವನೇ. ಈ ಸಲ ಕಟ್ಟಿದ ಮೇಲೆ ಮನೆಯ ವೈಫೈ ಹೋಯ್ತು. ಮಾಡೋಕೆ ಬೇರೆ ಕೆಲಸ ಇಲ್ಲದೆ ರಸೀದಿಯನ್ನು ಸಾಲುಸಾಲಾಗಿ ಓದಿದೆ.

ತೆರಿಗೆಯ ಕೆಳಗೆ ‘ಸೆಸ್’ ಅಂತ ಒಂದು ಸಾಲಿತ್ತು. ಅದರೊಳಗೆ ಏನೇನಿದೆ ಅಂತ ಆಮೇಲೆ ಕೆದಕಿದರೆ ಆರೋಗ್ಯದ ಕರ, ಭಿಕ್ಷುಕರ ಪುನರ್ವಸತಿ ಕರ, ಜೊತೆಗೆ ಗ್ರಂಥಾಲಯ ಕರ. 100 ರೂಪಾಯಿ ತೆರಿಗೆ ಕಟ್ಟಿದರೆ ಅದರ ಮೇಲೆ 6 ರೂಪಾಯಿ ಲೈಬ್ರರಿಗೆ. ನನ್ನ ಪಾಲಿಗೆ ಅದು ವರ್ಷಕ್ಕೆ 300 ಚಿಲ್ಲರೆ. ನಮ್ಮ ಆಫೀಸಿನ ಕೆಳಗಿರುವ ಕೆಫೆಯಲ್ಲಿ ಒಂದು ಕಾಪುಚಿನೊ, ಒಂದು ಕುಕ್ಕಿ ತಗೊಂಡ್ರೆ ಮುಗಿದುಹೋಗುವ ದುಡ್ಡು. ಆದರೂ ಒಳಗಿನ ಹಳ್ಳಿಯವನಿಗೆ ಸಂಕಟ ಆಯ್ತು. ನಾಲ್ಕು ವರ್ಷದಿಂದ ದುಡ್ಡು ಕೊಟ್ಟಿದ್ದೀನಿ, ಎಲ್ಲಿದೆ ನನ್ನ ಲೈಬ್ರರಿ?

ಮ್ಯಾಪಿನಲ್ಲಿ ಹುಡುಕಿದರೆ ಮನೆಯಿಂದ ಏಳು ನಿಮಿಷದ ನಡಿಗೆ! ಪಾರ್ಕಿನ ಹಿಂದಿನ ಗೇಟಿಗೆ ಅಂಟಿಕೊಂಡಂತೆ ಒಂದು ಮಾಸಿದ ಹಳದಿ ಕಟ್ಟಡ. ಅದರ ಮುಂದೆಯೇ ನಾಲ್ಕು ವರ್ಷ ಬೈಕಿನಲ್ಲಿ ಓಡಾಡಿದ್ದೀನಿ, ಯಾವುದೋ ವಾರ್ಡ್ ಆಫೀಸು ಅಂದುಕೊಂಡಿದ್ದೆ. ಒಂದು ಸೋಮವಾರ ರಜೆ ಹಾಕಿ, ದೇವಸ್ಥಾನಕ್ಕೆ ಹೋಗುವವನ ಹಾಗೆ ಸ್ನಾನ ಮಾಡಿಕೊಂಡು ಹೋದೆ. ಬೀಗ. ಪಕ್ಕದ ಎಳನೀರಿನವನು ನಕ್ಕ. ‘ಸೋಮವಾರ ರಜೆ ಅಲ್ವಾ ಸಾರ್, ಗೊತ್ತಿಲ್ವಾ?’

ಗೊತ್ತಿತ್ತು. ಚಿಕ್ಕಂದಿನಲ್ಲಿ ಚೆನ್ನಾಗಿಯೇ ಗೊತ್ತಿತ್ತು. ಮರೆತಿದ್ದೆ ಅಷ್ಟೆ.

ಶನಿವಾರ ಮತ್ತೆ ಹೋದೆ. ಬಾಗಿಲ ಬಳಿ ಚಪ್ಪಲಿಗಳ ಸಾಲು, ಒಳಗೆ ಸಹಿ ಮಾಡುವ ದಪ್ಪ ಪುಸ್ತಕ, ದಾರ ಕಟ್ಟಿದ ಪೆನ್ನು. ಪೇಪರ್ ಮೇಜಿನ ಸುತ್ತ ಏಳೆಂಟು ಜನ ಹಿರಿಯರು. ಒಬ್ಬರು ಪತ್ರಿಕೆಯ ನಡುವಿನ ಹಾಳೆಯನ್ನು ಬಿಡಿಸಿ ಪಕ್ಕದವರಿಗೆ ಕೊಟ್ಟು ತಾವು ಕ್ರೀಡಾಪುಟ ಇಟ್ಟುಕೊಂಡರು. ಎಷ್ಟು ವರ್ಷದ ಒಪ್ಪಂದವೋ, ಮಾತೇ ಇಲ್ಲದೆ ಆಯ್ತು. ಒಳಕೋಣೆಯಲ್ಲಿ ಕಪಾಟುಗಳು, ಹಳೇ ಕಾಗದದ ವಾಸನೆ. ಭೈರಪ್ಪ, ತ್ರಿವೇಣಿ, ತೇಜಸ್ವಿಯವರ ಪುಸ್ತಕಗಳ ಬೆನ್ನು ಸವೆದು ಹೆಸರೇ ಅಳಿಸಿಹೋಗಿದ್ದವು. ಕೆಳಗಿನ ಸಾಲಿನ ಸಮಗ್ರ ಸಂಪುಟಗಳು ಮಾತ್ರ ಅಂಗಡಿಯಿಂದ ಈಗ ತಂದಂತಿದ್ದವು.

ನಾನು ಅಂದುಕೊಂಡಿರದೇ ಇದ್ದದ್ದು ಹಿಂದಿನ ಹಾಲ್. ಅಲ್ಲಿ ಮೂವತ್ತು ನಲವತ್ತು ಹುಡುಗರು, ಹುಡುಗಿಯರು. ಯಾರ ಮುಂದೆಯೂ ಲೈಬ್ರರಿಯ ಪುಸ್ತಕ ಇಲ್ಲ. ಎಲ್ಲರದ್ದೂ ಸ್ವಂತ ನೋಟ್ಸು, ಝೆರಾಕ್ಸು, ನೀರಿನ ಬಾಟಲಿ, ಟಿಫನ್ ಡಬ್ಬಿ. ಎಫ್‌ಡಿಎ, ಪೊಲೀಸ್ ಕಾನ್‌ಸ್ಟೇಬಲ್, ಕೆಎಎಸ್ ಓದುವವರು. ಇವರು ಲೈಬ್ರರಿಗೆ ಪುಸ್ತಕಕ್ಕಾಗಿ ಬರುತ್ತಿಲ್ಲ, ಕುರ್ಚಿಗಾಗಿ ಬರುತ್ತಿದ್ದಾರೆ.

ಹೊರಗೆ ಟೀ ಕುಡಿಯುವಾಗ ಒಬ್ಬ ಹುಡುಗ ಮಾತಿಗೆ ಸಿಕ್ಕ. ಯಾದಗಿರಿ ಕಡೆಯವನು. ರಾತ್ರಿ ಊಟ ಡೆಲಿವರಿ ಮಾಡ್ತಾನೆ, ಹಗಲು ಇಲ್ಲಿ.

‘ರೂಮ್ನಾಗ ಓದಕ್ಕಾಗಲ್ವಾ?’ ಅಂತ ನನಗೆ ತಿಳಿದಷ್ಟು ಆ ಕಡೆಯ ಕನ್ನಡದಲ್ಲಿ ಕೇಳಿದೆ.

‘ರೂಮ್ನಾಗ ಐದ್ ಮಂದಿ ಅದೀವ್ರೀ ಸರ್. ಒಬ್ಬಾಂವ ಮಲಗಿದ್ರ ಲೈಟ್ ಹಚ್ಚಂಗಿಲ್ಲ. ಇಲ್ಲಿ ಮುಂಜಾನಿಂದ ಸಂಜಿ ತನಾ ಕುಂತ್ರೂ ಯಾಕ್ ಕುಂತೀ ಅಂತ ಯಾರೂ ಕೇಳಂಗಿಲ್ರೀ.’

ಆ ಮಾತು ತಲೆಯಲ್ಲಿ ಉಳಿಯಿತು. ಬೆಂಗಳೂರಿನಲ್ಲಿ ಯಾರೂ ‘ಯಾಕೆ ಕೂತಿದ್ದೀಯ’ ಅಂತ ಕೇಳದ ಜಾಗ ಎಷ್ಟಿವೆ ಹೇಳಿ? ಕೆಫೆಯಲ್ಲಿ ಕಪ್ಪು ಖಾಲಿಯಾದ ಮೇಲೆ ಹುಡುಗ ಬಂದು ‘ಎನಿಥಿಂಗ್ ಎಲ್ಸ್ ಸರ್?’ ಅಂತಾನೆ. ಮಾಲಿನಲ್ಲಿ ಸೆಕ್ಯೂರಿಟಿ. ಕೋ-ವರ್ಕಿಂಗ್ ಸ್ಪೇಸಿನಲ್ಲಿ ಒಂದು ಕುರ್ಚಿಗೆ ತಿಂಗಳಿಗೆ ಸಾವಿರಗಟ್ಟಲೆ. ನಮಗದು ಕಾಣುವುದಿಲ್ಲ, ಯಾಕಂದ್ರೆ ನಮ್ಮ ಕುರ್ಚಿಯ ಬಾಡಿಗೆಯನ್ನು ಕಂಪನಿ ಕಟ್ಟುತ್ತದೆ.

ನನಗೂ ಒಂದು ಕಾಲದಲ್ಲಿ ಅಂಥದೇ ಕುರ್ಚಿ ಸಿಕ್ಕಿತ್ತು. ತಿಪಟೂರು ತಾಲ್ಲೂಕಿನ ನಮ್ಮೂರಲ್ಲಿ, ಪಂಚಾಯಿತಿ ಕಟ್ಟಡದ ಪಕ್ಕದ ಒಂದೇ ಒಂದು ರೂಮು. ಎರಡು ಬೆಂಚು, ಒಂದು ಮೇಜು, ಮೂರು ಕಬ್ಬಿಣದ ಬೀರು. ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ತೆಗೆದಿರ್ತಿತ್ತು. ನೋಡಿಕೊಳ್ಳುತ್ತಿದ್ದವರನ್ನು ಇಡೀ ಊರು ‘ಲೈಬ್ರರಿ ಅಣ್ಣ’ ಅಂತಿತ್ತು. ಅವರಿಗೆ ಸಿಗುತ್ತಿದ್ದದ್ದು ಗೌರವಧನ. ಹೆಸರಿನಲ್ಲಿ ಗೌರವ ಜಾಸ್ತಿ, ಧನ ಕಮ್ಮಿ. ಉಳಿದ ಹೊತ್ತು ತೋಟದ ಕೆಲಸ.

ನಮ್ಮಪ್ಪ ಅಲ್ಲಿಗೆ ಹೋಗ್ತಿದ್ದದ್ದು ಕೊಬ್ಬರಿ ರೇಟು ನೋಡೋಕೆ. ಆಗ ತಿಪಟೂರಲ್ಲಿ ಬುಧವಾರ, ಶನಿವಾರ ಕೊಬ್ಬರಿ ಹರಾಜು ನಡೀತಿತ್ತು. ಮಾರನೇ ದಿನ ಪೇಪರಿನಲ್ಲಿ ರೇಟು ಬರ್ತಿತ್ತು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಬೆರಳಿಟ್ಟು ಅಕ್ಷರ ಕೂಡಿಸಿ ಓದುವವರು. ರೇಟು ನೋಡಿ ಎದ್ದು ಬರಬಹುದಿತ್ತು, ಬರುತ್ತಿರಲಿಲ್ಲ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳು ಓಡಿಸಿಯೇ ಏಳುತ್ತಿದ್ದರು. ಪಕ್ಕದಲ್ಲಿ ಕೂತ ನಾನು ಮೊದಲು ಚಿತ್ರ ನೋಡಿದೆ, ಆಮೇಲೆ ಕಥೆ ಓದಿದೆ, ಆಮೇಲೆ ಬೀರುವಿನೊಳಗೆ ಏನಿದೆ ಅಂತ ಇಣುಕಿದೆ.

ಪಿಯುಸಿ ಎರಡನೇ ವರ್ಷದಲ್ಲಿ ಆ ಬೀರುವಿನಲ್ಲಿ ಒಂದು ದಪ್ಪ ಪುಸ್ತಕ ಕಂಡೆ. ಸಿಇಟಿಯ ಹಳೆಯ ಪ್ರಶ್ನೆಪತ್ರಿಕೆಗಳು, ಉತ್ತರ ಸಮೇತ. ಯಾರು ಕಳಿಸಿದ್ದರೋ, ನಮ್ಮೂರಿಗೆ ಹೇಗೆ ಬಂತೋ. ಅಂಗಡಿಯಲ್ಲಿ ಕೊಳ್ಳುವ ಮಾತೇ ಇರಲಿಲ್ಲ, ಆ ವರ್ಷ ಕೊಬ್ಬರಿ ರೇಟು ಬಿದ್ದಿತ್ತು. ಅಂಥ ಪುಸ್ತಕವನ್ನು ಮನೆಗೆ ಕೊಡುವ ಹಾಗಿರಲಿಲ್ಲ, ಅಲ್ಲೇ ಕೂತು ಓದಬೇಕು. ಲೈಬ್ರರಿ ಅಣ್ಣ ಸಂಜೆ ಬೀಗ ಹಾಕುವ ಹೊತ್ತಿಗೆ ಅದನ್ನು ನನ್ನ ಚೀಲಕ್ಕೆ ತುರುಕಿ, ‘ಬೆಳಗ್ಗೆ ನಾನು ಬೀಗ ತೆಗೆಯೋದ್ರೊಳಗೆ ಇಲ್ಲಿರ್ಬೇಕು ಕಣಪ್ಪ, ಯಾರಿಗೂ ಹೇಳ್ಬೇಡ’ ಅಂದರು. ಎರಡು ತಿಂಗಳು ಹಾಗೇ ನಡೆಯಿತು. ಯಾವ ರಿಜಿಸ್ಟರಿನಲ್ಲೂ ಅದರ ಲೆಕ್ಕ ಇಲ್ಲ. ನನ್ನ ಬಿಇ ಸೀಟು, ಈ ಕೆಲಸ, ಈ ಫ್ಲ್ಯಾಟು, ಈ ಆಸ್ತಿ ತೆರಿಗೆ, ಎಲ್ಲದರ ಹಿಂದೆ ಆ ಲೆಕ್ಕವಿಲ್ಲದ ಪುಸ್ತಕ ಇದೆ.

ಈಗ ತಿಳಿಯುತ್ತಿದೆ, ಅದು ಪುಕ್ಕಟೆಯೂ ಆಗಿರಲಿಲ್ಲ. ಹಳ್ಳಿಯ ಮನೆ ಕಂದಾಯದಲ್ಲೂ ಗ್ರಂಥಾಲಯ ಕರ ಇರುತ್ತದೆ. 1965ರ ಗ್ರಂಥಾಲಯ ಕಾಯ್ದೆ ಮಾಡಿದ ಏರ್ಪಾಡು ಅದು. ಆ ಕರದ ಹೆಸರನ್ನೇ ಕೇಳಿರದ ನಮ್ಮಪ್ಪ, ಹೆಂಚಿನ ಮನೆಯ ಕಂದಾಯದ ಜೊತೆ ಅದನ್ನೂ ಕಟ್ಟುತ್ತಿದ್ದರು.

ಲೈಬ್ರರಿ ಅಂದ್ರೆ ಹಳೇ ಕಾಲದ್ದು ಅನ್ನುವ ನಮ್ಮ ಐಟಿ ಮಂದಿಗೆ ಒಂದು ವಿಷಯ ಹೇಳಬೇಕು. ಆನ್‌ಲೈನಿನಲ್ಲಿ ಶರ್ಟು ಹುಡುಕುವಾಗ ಎಡಗಡೆ ಅಳತೆ, ಬಣ್ಣ, ಬೆಲೆ ಅಂತ ಟಿಕ್ ಮಾಡುತ್ತಾ ಹೋಗ್ತೀವಲ್ಲ, ಇಂಜಿನಿಯರುಗಳು ಅದಕ್ಕೆ ಫೇಸೆಟೆಡ್ ಸರ್ಚ್ ಅಂತಾರೆ. ಒಂದು ವಸ್ತುವನ್ನು ಹಲವು ಮುಖಗಳಾಗಿ ಒಡೆದು ಹುಡುಕುವ ಆ ಯೋಚನೆಯನ್ನು ಗ್ರಂಥಾಲಯಗಳಿಗೆ ಶಾಸ್ತ್ರೀಯವಾಗಿ ತಂದವರು ಎಸ್. ಆರ್. ರಂಗನಾಥನ್, 1933ರ ಕೋಲನ್ ವರ್ಗೀಕರಣದಲ್ಲಿ. ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ಸಂಸ್ಥೆ ಶುರು ಮಾಡಿ, 1972ರಲ್ಲಿ ಇಲ್ಲೇ ತೀರಿಕೊಂಡರು. ಪುಸ್ತಕ ಕಾಯುವುದಲ್ಲ, ಅದನ್ನು ಬೇಕಾದವನ ಕೈಗೆ ತಲುಪಿಸುವುದೇ ಗ್ರಂಥಪಾಲಕನ ಕೆಲಸ ಎಂಬುದು ಅವರ ಬರಹಗಳ ಸಾರ. ನಮ್ಮೂರಿನ ಲೈಬ್ರರಿ ಅಣ್ಣ ರಂಗನಾಥನ್ ಹೆಸರು ಕೇಳಿದ್ದರೋ ಇಲ್ಲವೋ, ಅವರ ಶಾಸ್ತ್ರವನ್ನಂತೂ ನನ್ನ ಚೀಲಕ್ಕೆ ತುರುಕಿದ್ದರು.

ಇಷ್ಟೆಲ್ಲ ನೆನಪಾದ ಮೇಲೆ ಋಣ ತೀರಿಸುವ ಉತ್ಸಾಹ ಬಂತು. ಮನೆಯಲ್ಲಿದ್ದ ಎರಡು ರಟ್ಟಿನ ಡಬ್ಬ ಪುಸ್ತಕ ಹೊತ್ತುಕೊಂಡು ಹಳದಿ ಕಟ್ಟಡಕ್ಕೆ ಹೋದೆ. ಒಳಗೆ ಹದಿನೈದು ವರ್ಷ ಹಳೆಯ ಜಾವಾ ಪುಸ್ತಕಗಳು, ಏರ್‌ಪೋರ್ಟಿನಲ್ಲಿ ಕೊಂಡು ಇಪ್ಪತ್ತು ಪುಟ ಓದಿ ಬಿಟ್ಟ ಇಂಗ್ಲಿಷ್ ವ್ಯಕ್ತಿತ್ವ ವಿಕಸನ. ಗ್ರಂಥಪಾಲಕಿ ಒಂದೊಂದನ್ನೇ ತೆಗೆದು ನೋಡಿ, ಮೃದುವಾಗಿ ಕೇಳಿದರು.

‘ಸರ್, ಬೇಜಾರ್ ಮಾಡ್ಕೋಬೇಡಿ. ಇದನ್ನ ನೀವೇ ಓದಲ್ಲ ಅಲ್ವಾ?’

ನನಗೆ ನಗು ಬಂತು, ಅವಮಾನವೂ ಆಯ್ತು. ‘ಹಾಗಾದ್ರೆ ಏನು ಬೇಕು ಮೇಡಂ?’

‘ಹೊಸ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಇದ್ರೆ ಕೊಡಿ. ಇಲ್ಲಾಂದ್ರೆ ಒಂದು ಅರ್ಜಿ ಬರೆದುಕೊಡಿ. ಹಿಂದಿನ ಹಾಲಲ್ಲಿ ಮೂರು ಟ್ಯೂಬ್‌ಲೈಟ್ ಹೋಗಿದೆ. ಹೆಣ್ಮಕ್ಕಳಿಗೆ ಟಾಯ್ಲೆಟ್ ಇಲ್ಲ, ಮಧ್ಯಾಹ್ನಕ್ಕೇ ಎದ್ದು ಹೋಗ್ತಾರೆ. ನಾನು ಬರೆದ್ರೆ ಅದು ಆಫೀಸ್ ಕಾಗದ. ಓದುಗರು ಬರೆದ್ರೆ ಬೇರೆ. ಆದ್ರೆ ಇಲ್ಲಿಗೆ ಬರೋ ಮಕ್ಕಳು ಕೇಳೋಕೆ ಹೆದರ್ತಾರೆ. ಕೇಳೋ ಅಂಥವರು ಇಲ್ಲಿಗೆ ಬರಲ್ಲ.’

ಕೇಳೋ ಅಂಥವರು ಅಂದ್ರೆ ನಾವೇ. ಲಿಫ್ಟು ಹತ್ತು ನಿಮಿಷ ಕೆಟ್ಟರೆ ಗ್ರೂಪಿನಲ್ಲಿ ನಲವತ್ತು ಮೆಸೇಜು ಹಾಕುವವರು. ಸರ್ಕಾರಿ ಶಾಲೆ ಬಿಟ್ಟೆವು, ಸಿಟಿ ಬಸ್ಸು ಬಿಟ್ಟೆವು, ಲೈಬ್ರರಿ ಬಿಟ್ಟೆವು. ಬಿಟ್ಟದ್ದರಿಂದ ನಮಗೇನೂ ನಷ್ಟವಾಗಲಿಲ್ಲ. ಆದರೆ ದೂರು ಕೊಡುವ ನಮ್ಮ ಅಭ್ಯಾಸವನ್ನೂ ಜೊತೆಗೇ ತಗೊಂಡು ಬಂದೆವು. ಅಲ್ಲಿ ಉಳಿದವರಿಗೆ ಕುರ್ಚಿ ಸಿಕ್ಕಿದ್ದೇ ದೊಡ್ಡದು, ಟ್ಯೂಬ್‌ಲೈಟ್ ಕೇಳಿದರೆ ಅದೂ ಹೋದೀತು ಎಂಬ ಭಯ.

ಅವತ್ತೇ ಅರ್ಜಿ ಬರೆದೆ. ಹಿಂದಿನ ಹಾಲಿನಲ್ಲಿ ಹನ್ನೊಂದು ಜನ ಸಹಿ ಹಾಕಿದರು. ಯಾದಗಿರಿಯ ಹುಡುಗ ಮೊದಲು ಹಿಂದೇಟು ಹಾಕಿ, ಆಮೇಲೆ ಬಂದು ಕೊನೆಯಲ್ಲಿ ಸಹಿ ಮಾಡಿದ. ಎರಡು ತಿಂಗಳಲ್ಲಿ ಟ್ಯೂಬ್‌ಲೈಟ್ ಬಂತು. ಟಾಯ್ಲೆಟ್ ಇನ್ನೂ ಬಂದಿಲ್ಲ. ಎರಡನೇ ಅರ್ಜಿ ಕೊಟ್ಟಿದ್ದೀವಿ.

ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ನಮ್ಮ ಹಳೇ ಲೈಬ್ರರಿಗೂ ಹೋದೆ. ಗ್ರಾಮ ಪಂಚಾಯಿತಿ ಲೈಬ್ರರಿಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. ರಾಜ್ಯದಲ್ಲಿ ಅಂಥವು 5,000ಕ್ಕೂ ಹೆಚ್ಚಿವೆ. 2020ರಲ್ಲಿ ‘ಓದುವ ಬೆಳಕು’ ಅಂತ ಶುರುವಾಗಿ ಹಳ್ಳಿ ಮಕ್ಕಳಿಗೆ ಸದಸ್ಯತ್ವವನ್ನು ಉಚಿತ ಮಾಡಿದರು. ನಮ್ಮೂರಿನದಕ್ಕೆ ಈಗ ‘ಅರಿವು ಕೇಂದ್ರ’ ಅಂತ ಬೋರ್ಡು. ಗೋಡೆಗೆ ಹೊಸ ಬಣ್ಣ, ಮೂಲೆಯಲ್ಲಿ ಎರಡು ಕಂಪ್ಯೂಟರು. ಅಣ್ಣನ ಮಗಳು ನೆಲದ ಮೇಲೆ ಕೂತು ಯಾರ ಜೊತೆಯೋ ಚೆಸ್ ಆಡುತ್ತಿದ್ದಳು. ನನ್ನನ್ನು ನೋಡಿ, ‘ಚಿಕ್ಕಪ್ಪ, ಗಲಾಟೆ ಮಾಡ್ಬೇಡ’ ಅಂದಳು.

ಲೈಬ್ರರಿ ಅಣ್ಣ ಈಗ ಕೆಲಸದಲ್ಲಿಲ್ಲ. ಆದರೆ ಅಲ್ಲೇ ಇದ್ದರು, ನಮ್ಮಪ್ಪ ಕೂರುತ್ತಿದ್ದ ಬೆಂಚಿನ ತುದಿಯಲ್ಲಿ, ಕನ್ನಡಕ ಮೂಗಿನ ಮೇಲಿಳಿಸಿಕೊಂಡು. ಸಿಇಟಿ ಪುಸ್ತಕದ ಕಥೆ ಹೇಳಿ ಕಾಲು ಮುಟ್ಟಲು ಹೋದೆ. ‘ಅಯ್ಯೋ ಬಿಡಪ್ಪ, ಎಷ್ಟ್ ಜನಕ್ಕೆ ಹಂಗೆ ಕೊಟ್ಟಿದ್ನೋ’ ಅಂದರು. ನನ್ನ ಬದುಕಿನ ದೊಡ್ಡ ತಿರುವು ಅವರಿಗೆ ನೆನಪೂ ಇರಲಿಲ್ಲ. ಅದರಿಂದ ಯಾಕೋ ಖುಷಿಯೇ ಆಯ್ತು. ಆಮೇಲೆ ಅವರು, ಮೊದಲು ಬೀರುವಿನ ಮುಂದೆ ನಿಂತು ಕೇಳುತ್ತಿದ್ದ ಹಾಗೆಯೇ ಕೇಳಿದರು.

‘ಈಗ ಏನು ಓದ್ತಿದೀಯಪ್ಪಾ?’

ಮನೆಯಲ್ಲಿ ಕಿಂಡಲ್ ಇದೆ. ಗೋಡೆ ತುಂಬಾ ಪುಸ್ತಕದ ಶೆಲ್ಫ್ ಇದೆ, ವಿಡಿಯೋ ಕಾಲ್‌ನಲ್ಲಿ ಹಿಂದೆ ಚೆನ್ನಾಗಿ ಕಾಣುತ್ತದೆ. ಆದರೆ ಬಾಯಿಗೆ ಒಂದು ಹೆಸರೂ ಬರಲಿಲ್ಲ. ಕೊನೆಯ ಪುಟದವರೆಗೆ ಒಂದು ಕನ್ನಡ ಪುಸ್ತಕ ಓದಿ ಎಷ್ಟು ವರ್ಷವಾಯಿತು ಅಂತಲೇ ಗೊತ್ತಾಗಲಿಲ್ಲ. ಅವರು ಮತ್ತೆ ಕೇಳಲಿಲ್ಲ. ಪೇಪರಿನ ನಡುವಿನ ಹಾಳೆ ಬಿಡಿಸಿ ನನ್ನ ಕಡೆ ತಳ್ಳಿದರು. ಕೂತು ಓದಿದೆ. ಕೊಬ್ಬರಿ ರೇಟನ್ನೂ ನೋಡಿದೆ.

ಬೆಂಗಳೂರಿಗೆ ಬಂದ ಮೇಲೆ ಅರ್ಜಿ ತುಂಬಿ, ವಿಳಾಸದ ದಾಖಲೆ, ಠೇವಣಿ ಕೊಟ್ಟು ಸದಸ್ಯನಾದೆ. ಈಗ ಶನಿವಾರ ಬೆಳಗ್ಗೆ ಎರಡು ಗಂಟೆ ಅಲ್ಲಿರ್ತೀನಿ. ವಾಪಸ್ ಕೊಡಬೇಕಾದ ದಿನಾಂಕದ ಮುದ್ರೆ ಬಿದ್ದ ಪುಸ್ತಕವನ್ನು ಓದದೇ ಇಡೋಕಾಗಲ್ಲ, ಕೊಂಡ ಪುಸ್ತಕಕ್ಕೆ ಆ ಭಯ ಇಲ್ಲ. ನಾಲ್ಕು ತಿಂಗಳಲ್ಲಿ ಆರು ಮುಗಿಸಿದ್ದೀನಿ. ಕೂರುವಾಗ ಹಿಂದಿನ ಹಾಲಿಗೆ ಹೋಗಲ್ಲ, ಅಲ್ಲಿನ ಕುರ್ಚಿ ನನಗಿಂತ ಬೇಕಾದವರಿಗೆ ಇರಲಿ ಅಂತ ಪೇಪರ್ ಮೇಜಿಗೆ ಸೇರಿಕೊಂಡಿದ್ದೀನಿ. ಹಿರಿಯರು ಇನ್ನೂ ನನಗೆ ಕ್ರೀಡಾಪುಟ ಬಿಟ್ಟುಕೊಟ್ಟಿಲ್ಲ.

ನಿಮ್ಮ ತೆರಿಗೆ ರಸೀದಿಯಲ್ಲೂ ಆ ಸಾಲು ಇರುತ್ತೆ, ನೋಡಿ. ಸ್ವಂತ ಮನೆ ಇಲ್ಲದಿದ್ದರೆ ನೀವು ಕೊಡುವ ಬಾಡಿಗೆಯೊಳಗೆ ಎಲ್ಲೋ ಸೇರಿಕೊಂಡಿರುತ್ತೆ. ದುಡ್ಡು ಹೇಗೂ ಕೊಟ್ಟಾಗಿದೆ, ಒಂದು ಸಲ ಹೋಗಿ ಬನ್ನಿ. ಪುಸ್ತಕ ತರದಿದ್ದರೂ ಪರವಾಗಿಲ್ಲ, ಟ್ಯೂಬ್‌ಲೈಟ್ ಉರೀತಿದೆಯಾ ಅಂತ ನೋಡಿ ಬನ್ನಿ.

ಸೋಮವಾರ ಮಾತ್ರ ಹೋಗಬೇಡಿ.