ಕಲ್ನಾರು

ಕಲ್ನಾರು ಎಂಬ ಮಾತು ನನಗೆ ಬಹುಕಾಲ ಪ್ರಿಯವಾಗಿತ್ತು. ಆಸ್ಬೆಸ್ಟಾಸ್ ಎಂದರೆ ಗ್ರೀಕಿನಲ್ಲಿ ಆರದುದು, ನಂದದುದು ಎಂದಷ್ಟೇ ಅರ್ಥ. ನಮ್ಮ ಮಾತು ವಸ್ತುವನ್ನೇ ಕಣ್ಣಿಗೆ ಕಟ್ಟುತ್ತದೆ. ಕಲ್ಲು, ಆದರೂ ನಾರು. ಸಮಾಸದ ಪಾಠಕ್ಕೆ ಇದನ್ನೇ ಉದಾಹರಣೆಯಾಗಿ ಕೊಡುತ್ತಿದ್ದೆ. ಈಗ ಕೊಡುವುದಿಲ್ಲ.

ನನ್ನ ಸೋದರಮಾವ 1979ರಲ್ಲಿ ಶೀಟಿನ ಕಾರ್ಖಾನೆಯೊಂದಕ್ಕೆ ಸೇರಿ 25 ವರ್ಷ ದುಡಿದರು. ಕಲ್ನಾರಿನ ಚೀಲ ಬಿಚ್ಚಿ ಸುರಿಯುವುದು, ಆಮೇಲಾಮೇಲೆ ಶೀಟು ಕೊಯ್ಯುವುದು. ರಜಕ್ಕೆ ಹೋದ ಮಕ್ಕಳೆಲ್ಲ ಅವರನ್ನು 'ಹಿಟ್ಟಿನ ಮಾವ' ಎನ್ನುತ್ತಿದ್ದೆವು. ಸಂಜೆ ಮನೆಗೆ ಬಂದರೆ ರೆಪ್ಪೆಯ ಮೇಲೂ ಬಿಳಿ. ಅತ್ತೆ ಹಿತ್ತಿಲಲ್ಲಿ ನಿಂತು ಅಂಗಿಯನ್ನು ಫಟಫಟನೆ ಒದರಿ ನೆನೆಹಾಕುವರು.

2016ರಲ್ಲಿ ಮಾವನಿಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟತೊಡಗಿತು. ಮೊದಲ ವೈದ್ಯರು ಕ್ಷಯವೆಂದು ಆರು ತಿಂಗಳು ಗುಳಿಗೆ ನುಂಗಿಸಿದರು. ಎರಡನೆಯವರು ಕೇಳಿದ್ದು ಒಂದೇ ಪ್ರಶ್ನೆ: "ಮೊದಲು ಎಲ್ಲಿ ಕೆಲಸದಲ್ಲಿದ್ದಿರಿ?" ಕಣ್ಣಿಗೆ ಕಾಣದ ಆ ನಾರು ಉಸಿರಿನೊಡನೆ ಒಳಹೊಕ್ಕರೆ ಕರಗದು, ಶ್ವಾಸಕೋಶ ಮೆಲ್ಲನೆ ಗಡಸಾಗುತ್ತದೆ. ಅದೇ ಆಸ್ಬೆಸ್ಟೋಸಿಸ್. ಶ್ವಾಸಕೋಶದ ಕ್ಯಾನ್ಸರು, ಅದರ ಹೊದಿಕೆಗೆ ತಗಲುವ ಮೀಸೋಥೀಲಿಯೋಮ, ಇವೂ ಬರಬಹುದು. ಅದೂ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಕಳೆದು. ಬಿಳಿಯ ಕಲ್ನಾರು ನಿರಪಾಯವೆಂದು ವಾದಿಸುವವರುಂಟು. ಎಲ್ಲ ಬಗೆಯದೂ ಕ್ಯಾನ್ಸರ್ ತರುತ್ತದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ರೋಗ ಇಷ್ಟು ತಡವಾಗಿ ಬರುವುದೇ ಮಾಲೀಕರಿಗೆ ಅನುಕೂಲ. ಅಷ್ಟುಹೊತ್ತಿಗೆ ಸಾಕ್ಷಿ ಎಲ್ಲಿರುತ್ತದೆ? ಸುಪ್ರೀಂ ಕೋರ್ಟು 1995ರಲ್ಲಿ ಆರೋಗ್ಯವು ನಿವೃತ್ತಿಯ ಮೇಲೂ ಕಾರ್ಮಿಕನ ಮೂಲಭೂತ ಹಕ್ಕು ಎಂದು ಹೇಳಿ, ಕಲ್ನಾರಿನ ಕಾರ್ಖಾನೆಗಳು ಪ್ರತಿಯೊಬ್ಬನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಡಬೇಕೆಂದಿತು. ತೀರ್ಪಿನ ಪ್ರತಿ ಹಿಡಿದು ಕಾರ್ಖಾನೆಗೆ ಹೋದೆ. ಗುಮಾಸ್ತರು ಸಭ್ಯರು, ಕೂರಿಸಿ, ಕಾಫಿ ಕೊಟ್ಟು, ಹಳೆಯ ಕಡತ ರದ್ದಿಗೆ ಹೋಯಿತೆಂದರು. 2019ರವರೆಗೆ ಇರಬೇಕಾಗಿದ್ದ ಕಡತ!

ಕೈಹಿಡಿದದ್ದು ಅತ್ತೆಯ ಟ್ರಂಕು. ಸೀರೆಗಳ ಅಡಿಯಲ್ಲಿ ಇ.ಎಸ್.ಐ. ಕಾರ್ಡು, ಸಂಬಳದ ಚೀಟಿಗಳು, ಎಲ್ಲವೂ ದಾರ ಕಟ್ಟಿಕೊಂಡು ಕೂತಿದ್ದವು. ಆಸ್ಬೆಸ್ಟೋಸಿಸ್ ಕಾನೂನಿನ ಉದ್ಯೋಗಜನ್ಯ ರೋಗಗಳ ಪಟ್ಟಿಯಲ್ಲಿದೆ. ಕೆಲಸದಲ್ಲಿ ಕೈ ಮುರಿದುದಕ್ಕೆ ಅದು ಸಮ. ಇ.ಎಸ್.ಐ.ಗೆ ಸೇರಿದವರು ಅಲ್ಲಿಯೇ ಅರ್ಜಿ ಹಾಕಬೇಕು. ಸೇರದವರಿಗೆ ಮಾಲೀಕನಿಂದಲೇ ಪರಿಹಾರ ಕೇಳುವ ದಾರಿಯುಂಟು. ಮೆಡಿಕಲ್ ಬೋರ್ಡಿನ ಮುಂದೆ ಮಾವ ಮೂರು ಸಲ ಕೊಳವೆ ಊದಿದರು. ಒಂದೂವರೆ ವರ್ಷದ ಮೇಲೆ ತಿಂಗಳಿಗಿಷ್ಟೆಂದು ಹಣ ಬಂತು. "ಏನಯ್ಯಾ ಮೇಷ್ಟ್ರೇ, ನಿನ್ನ ಅರ್ಜಿ ಪಾಸಾಯಿತಲ್ಲ!" ಎಂದು ನಕ್ಕರು, ನಗು ಕೆಮ್ಮಿಗೆ ತಿರುಗಿತು.

ಕಳೆದ ಚಳಿಗಾಲದಿಂದ ಅತ್ತೆಗೂ ಒಣಕೆಮ್ಮು. ಕಾರ್ಮಿಕರ ಬಟ್ಟೆ ಒಗೆದ ಮನೆಯ ಹೆಂಗಸರಿಗೂ ಮೀಸೋಥೀಲಿಯೋಮ ಬಂದುದನ್ನು ಲಂಡನ್ನಿನ ವೈದ್ಯರು 1965ರಲ್ಲೇ ಬರೆದಿದ್ದಾರೆ. ಕಾನೂನಿನ ಪಟ್ಟಿ ಮಾತ್ರ ಕೆಲಸಗಾರರದು. ಮೊನ್ನೆ ಎಕ್ಸ್‌ರೇಗೆ ಕರೆದುಕೊಂಡು ಹೋದೆ. ಚೀಟಿ ಬರೆಯುವ ಹುಡುಗಿ ಉದ್ಯೋಗವೇನೆಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಏನೂ ಇಲ್ಲಮ್ಮ, ಮನೇಲೇ ಇರೋದು" ಎಂದರು.